ಹಸೆಯ ಗೋಡೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಈ ಎರಡು ಕಾರ್ಯಗಳು ಎಷ್ಟು ಪ್ರಯಾಸಕರವೆಂಬುದನ್ನು ತಿಳಿಸಲು ಹಿರಿಯರು ಇದನ್ನು ಹೇಳುತ್ತಾರೆ. ಬಹುಕಾಲ ಕನ್ನಡ ಪಾಠ ಹೇಳಿದ ಅಭ್ಯಾಸಬಲದಿಂದಲೋ ಏನೋ, ನನಗೆ ಮಾತ್ರ ಈ ಗಾದೆಯಲ್ಲಿ ಪ್ರಯಾಸಕ್ಕಿಂತ ಮೊದಲು ಅದರ ಕ್ರಿಯಾಪದಗಳು ಕಣ್ಣಿಗೆ ಬೀಳುತ್ತವೆ. ‘ಕಟ್ಟಿಸಿ ನೋಡು, ಮಾಡಿಸಿ ನೋಡು’ ಎಂದು ನಮ್ಮ ಹಿರಿಯರು ಹೇಳಲಿಲ್ಲ. ಕಟ್ಟು, ಮಾಡು ಎಂಬ ಧಾತುಗಳಿಗೆ ‘ಇಸು’ ಪ್ರತ್ಯಯ ಸೇರಿದರೆ ಕೆಲಸ ಇನ್ನೊಬ್ಬರ ಕೈಗೆ ಹೋಗುತ್ತದೆಂಬುದನ್ನು ನೀವು ವ್ಯಾಕರಣದಲ್ಲಿ ಓದಿದ್ದೀರಿ. ಗಾದೆ ಹುಟ್ಟಿದ ಕಾಲದಲ್ಲಿ ಆ ಪ್ರತ್ಯಯದ ಅಗತ್ಯ ಅಷ್ಟಾಗಿ ಇರಲಿಲ್ಲವೆಂದು ತೋರುತ್ತದೆ.

ಇಂದು ನಮಗೆ ಆ ಪ್ರತ್ಯಯವಿಲ್ಲದೆ ಸಾಗುವುದಿಲ್ಲ. ಚಪ್ಪರ ಹಾಕಿಸುತ್ತೇವೆ, ಅಡುಗೆ ಮಾಡಿಸುತ್ತೇವೆ, ಹೂವಿನ ಮಂಟಪ ಕಟ್ಟಿಸುತ್ತೇವೆ. ಬಂದವರನ್ನು ನಗುಮೊಗದಿಂದ ಸ್ವಾಗತಿಸುವುದಕ್ಕೂ ಬಾಡಿಗೆಯ ಜನರನ್ನು ನಿಲ್ಲಿಸುವ ಮದುವೆಗಳನ್ನು ನಾನು ಕಂಡಿದ್ದೇನೆ. ಇದನ್ನು ನಿಂದಿಸುವುದು ನನ್ನ ಉದ್ದೇಶವಲ್ಲ. ನೌಕರಿಗೆಂದು ಊರೂರು ಅಲೆಯುವ ಜನ ಇನ್ನೇನು ಮಾಡಿಯಾರು? ಆದರೆ ಕೈಯಿಂದಲೇ ‘ಮಾಡಿದ’ ಒಂದು ಮದುವೆಯನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಅದು ನನ್ನ ಅಕ್ಕನ ಮದುವೆ. ಆ ಮದುವೆಯನ್ನು ನಾನು ಹೆಚ್ಚುಕಡಿಮೆ ಕೆಡಿಸಿಯೇ ಬಿಟ್ಟಿದ್ದೆ. ಆ ಕಥೆಯನ್ನು ಇಲ್ಲಿ ಹೇಳುತ್ತೇನೆ.

1973ರ ವೈಶಾಖ ಮಾಸ. ನಮ್ಮ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬರಲು ಇನ್ನೂ ಕೆಲವು ತಿಂಗಳು ಬಾಕಿಯಿತ್ತು. ಶಿವಮೊಗ್ಗ ಜಿಲ್ಲೆಯ ಸಾಗರ ತಾಲೂಕಿನ ಒಂದು ಹಳ್ಳಿ ನಮ್ಮದು. ನಾವು ದೀವರು, ಗೇಣಿಗೆ ಗದ್ದೆ ಮಾಡುತ್ತಿದ್ದವರು. ನಮ್ಮ ತಾಲೂಕಿನ ಕಾಗೋಡಿನಲ್ಲಿ 1951ರಲ್ಲಿಯೇ ಗೇಣಿದಾರರು ಸತ್ಯಾಗ್ರಹ ಹೂಡಿದ್ದರು. ಆದರೂ ಉಳುವವನಿಗೆ ಭೂಮಿಯ ಒಡೆತನ ಕೊಡುವ ಕಾನೂನು ಜಾರಿಗೆ ಬಂದದ್ದು 1974ರಲ್ಲಿ. ಅಕ್ಕನ ಮದುವೆಯ ವರ್ಷ ನಾವಿನ್ನೂ ಒಡೆಯರಿಗೆ ಗೇಣಿ ಅಳೆದು, ಉಳಿದ ಭತ್ತದಲ್ಲಿ ವರ್ಷ ಕಳೆಯುತ್ತಿದ್ದೆವು. ಹಣ ಕೊಟ್ಟು ಮದುವೆ ‘ಮಾಡಿಸುವ’ ಮಾತು ನಮ್ಮ ಮನೆಯಲ್ಲಿ ಹುಟ್ಟುವಂತಿರಲಿಲ್ಲ.

ಆದುದರಿಂದ ಎಲ್ಲವೂ ಕೈಯಿಂದಲೇ ಆಗಬೇಕಾಗಿತ್ತು. ಎರಡು ತಿಂಗಳ ಮೊದಲೇ ಕೆಲಸಗಳು ಆರಂಭವಾದವು. ಮಾವಿನಮಿಡಿ ಉಪ್ಪಿಗೆ ಬಿದ್ದವು. ಹಲಸಿನ ಕಾಯಿ ಬಲಿತ ಕೂಡಲೇ ಹಪ್ಪಳದ ಹಿಟ್ಟು ಒನಕೆಗೆ ಬಂತು. ಅಂಗಳದ ಚಾಪೆಗಳ ಮೇಲೆ ಹಪ್ಪಳಗಳು ಸಾಲಾಗಿ ಒಣಗಿದವು. ಅವುಗಳನ್ನು ಕಾಗೆಗಳಿಂದ ಕಾಯುವ ಕೆಲಸ ನನ್ನದಾಗಿತ್ತು. ಮನೆಯ ಹಿತ್ತಿಲಿನ ಅರಿಶಿನವನ್ನು ಬೇಯಿಸಿ, ಒಣಗಿಸಿ, ಕುಟ್ಟಿ ಪುಡಿಮಾಡಿದರು. ಅಪ್ಪ ಅಡಿಕೆ ಮರದ ಕಂಬ ನೆಟ್ಟು, ದಬ್ಬೆ ಹಾಸಿ, ಸೋಗೆ ಹೊದಿಸಿ ಚಪ್ಪರ ಹಾಕಿದರು. ಒಂದೇ ಒಂದು ಮೊಳೆಯೂ ಇಲ್ಲದೆ ಬಳ್ಳಿಗಳಿಂದ ಬಿಗಿದ ಚಪ್ಪರ ಅದು. ಬಾಸಿಂಗವನ್ನು ಮಾತ್ರ ಹೊರಗಿನಿಂದ ತಂದದ್ದು. ಸಾಗರ, ಸೊರಬಗಳ ಗುಡಿಗಾರರು ಶ್ರೀಗಂಧದ ಕೆತ್ತನೆಗೆ ಹೇಗೋ ಹಾಗೆಯೇ ಬೆಂಡಿನ ಕೆಲಸಕ್ಕೂ ಹೆಸರಾದವರು. ಹಗುರವಾದ ಆ ಬಿಳಿಯ ಬೆಂಡನ್ನು ಅವರು ಹೂವಿನ ಎಸಳಿನಂತೆ ಸೀಳುವುದನ್ನು ಅಪ್ಪನ ಜೊತೆ ಹೋಗಿ ನಾನು ಕಣ್ಣಾರೆ ನೋಡಿ ಬಂದಿದ್ದೆ.

ಈ ಎಲ್ಲ ಸಿದ್ಧತೆಗಳಿಗೂ ಕಳಶಪ್ರಾಯವಾದುದು ಹಸೆಯ ಚಿತ್ತಾರ. ಹಸೆ ಎಂದರೆ ಮದುಮಕ್ಕಳು ಕುಳಿತುಕೊಳ್ಳುವ ಮಂಗಳದ ಆಸನ. ‘ಹಸೆಮಣೆ ಏರುವುದು’ ಎಂಬ ನುಡಿಗಟ್ಟನ್ನು ನೀವು ಬಲ್ಲಿರಿ. ನಮ್ಮ ದೀವರ ಮನೆಗಳಲ್ಲಿ ಆ ಆಸನದ ಹಿಂದಿನ ಗೋಡೆಗೆ ಕೆಮ್ಮಣ್ಣು ಸಾರಿಸಿ, ಅದರ ಮೇಲೆ ಹೆಂಗಸರು ಚಿತ್ತಾರ ಬರೆಯುತ್ತಾರೆ. ನಾಲ್ಕು ಬಣ್ಣಗಳಷ್ಟೇ ಅದಕ್ಕೆ ಬೇಕು. ಕೆಂಪಿಗೆ ಕೆಮ್ಮಣ್ಣು, ಬಿಳುಪಿಗೆ ನೆನೆಸಿ ರುಬ್ಬಿದ ಅಕ್ಕಿ, ಕಪ್ಪಿಗೆ ಕರಿಯಾಗುವವರೆಗೆ ಹುರಿದು ಅರೆದ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಪುಂಡಿಯ ನಾರೇ ಕುಂಚ. ಮೊದಲು ಚೌಕವಾದ ಅಂಚು; ಅದರೊಳಗೆ ಗೆರೆಗೆ ಗೆರೆ ಕೂಡಿಸುತ್ತ ಏಣಿ, ಜೋಗಿಜಡೆ, ಹಕ್ಕಿ, ತೆನೆ; ನಡುವೆ ದಂಡಿಗೆ ಮತ್ತು ಮದುಮಕ್ಕಳ ಗೊಂಬೆಗಳು. ಗೋಡೆಯಷ್ಟು ಅಗಲದ ಚಿತ್ತಾರವಾದರೂ ಅಳತೆಪಟ್ಟಿಯನ್ನಾಗಲಿ ದಾರವನ್ನಾಗಲಿ ಯಾರೂ ಮುಟ್ಟುವುದಿಲ್ಲ. ಬರೆಯುವಾಗ ಪದ ಹೇಳಿಕೊಳ್ಳುವುದು ವಾಡಿಕೆ. ಪದದ ಲಯಕ್ಕೆ ಕೈ ತಾನಾಗಿ ನಡೆಯುತ್ತದೆ.

ಇದನ್ನು ಬರೆಯಬಲ್ಲವಳಿಗೆ ಚಿತ್ತಾರಗಿತ್ತಿ ಎಂದು ಹೆಸರು. ನಮ್ಮ ಸುತ್ತಲ ಕೇರಿಗಳಲ್ಲಿ ಅಕ್ಕ ಒಳ್ಳೆಯ ಚಿತ್ತಾರಗಿತ್ತಿ ಎನಿಸಿಕೊಂಡಿದ್ದಳು. ಮದುವೆಯಾಗುವ ಹೊತ್ತಿಗೆ ಅವಳು ಏಳು ಮನೆಗಳ ಹಸೆಯ ಗೋಡೆ ಬರೆದಿದ್ದಳು. ಆದರೆ ಶಾಲೆಯಲ್ಲಿ ಅವಳು ನಾಲ್ಕನೆಯ ತರಗತಿಯನ್ನು ದಾಟಿರಲಿಲ್ಲ. ಮನೆಯಲ್ಲಿ ಒಬ್ಬರನ್ನು ಮಾತ್ರ ಓದಿಸಲು ಸಾಧ್ಯವಾದಾಗ ಆ ಒಬ್ಬ ನಾನಾದೆ. ಚಳಿಗಾಲದ ರಾತ್ರಿಗಳಲ್ಲಿ ಒಡೆಯರ ಮನೆಗೆ ಅಡಿಕೆ ಸುಲಿಯಲು ಹೋಗಿ ಬಂದ ಕೂಲಿಯಲ್ಲಿ ಅವಳು ನನಗೊಂದು ಕಂಪಾಸು ಪೆಟ್ಟಿಗೆ ತೆಗೆಸಿಕೊಟ್ಟಿದ್ದಳು. ಅದರ ಪಟ್ಟಿ ಹಿಡಿದು ನಾನು ಪಟ್ಟಣದ ಪ್ರೌಢಶಾಲೆಯಲ್ಲಿ ಸಮಾನಾಂತರ ರೇಖೆಗಳನ್ನು ಎಳೆಯುತ್ತಿದ್ದೆ. ಪಟ್ಟಿಯಿಲ್ಲದೆ ಅದಕ್ಕಿಂತ ನೇರವಾದ ಗೆರೆಗಳನ್ನು ಎಳೆಯುವವಳು ನನ್ನ ಮನೆಯಲ್ಲಿಯೇ ಇದ್ದಾಳೆಂಬುದು ನನಗೆ ಹೊಳೆಯಲೇ ಇಲ್ಲ.

ಆಗ ನಾನು ಎಂಟನೆಯ ತರಗತಿ ಮುಗಿಸಿದ್ದೆ. ಪಟ್ಟಣದಲ್ಲಿ ಒಂದೆರಡು ಮದುವೆಗಳನ್ನು ನೋಡಿದ್ದೆ. ಅಲ್ಲಿ ಸುಣ್ಣ ಬಳಿದ ಗೋಡೆ, ಬಣ್ಣದ ಕಾಗದದ ಸರಪಳಿ, ಧ್ವನಿವರ್ಧಕ, ಗ್ಯಾಸ್ ಲೈಟು. ನಮ್ಮ ಮನೆಯಲ್ಲಿ ಕೆಮ್ಮಣ್ಣು, ಅಕ್ಕಿಹಿಟ್ಟು, ಸೋಗೆ. ಅಕ್ಕನನ್ನು ವರಿಸಲಿದ್ದವರು ಪ್ರಾಥಮಿಕ ಶಾಲೆಯ ಉಪಾಧ್ಯಾಯರು. ಅವರ ಸಹೋದ್ಯೋಗಿಗಳು ನಮ್ಮ ಗೋಡೆಯ ಗೊಂಬೆಗಳನ್ನು ನೋಡಿ ನಕ್ಕರೆ ಗತಿಯೇನು? ಈ ಚಿಂತೆ ನನ್ನನ್ನು ಹಗಲಿರುಳು ಕಾಡಿತು. ಕಡೆಗೆ ಒಂದು ದಿನ ಊಟಕ್ಕೆ ಕುಳಿತಾಗ ಹೇಳಿಯೇ ಬಿಟ್ಟೆ: “ಈ ಸಲ ಚಿತ್ತಾರ ಬೇಡ. ಗೋಡೆಗೆ ಸುಣ್ಣ ಬಳಿಯೋಣ. ಬಂದವರು ನಗುತ್ತಾರೆ.”

ಅಮ್ಮ ಮಾತನಾಡಲಿಲ್ಲ. ಅಪ್ಪ ನನ್ನ ಮುಖವನ್ನೊಮ್ಮೆ ನೋಡಿ ತುತ್ತು ಎತ್ತಿದರು. ಬಡಿಸುತ್ತಿದ್ದ ಅಕ್ಕನ ಕೈ ಮಾತ್ರ ಒಂದು ಕ್ಷಣ ನಿಂತಿತು. ಆಮೇಲೆ ಅವಳು, “ಚಿತ್ತಾರವೂ ಇರಲಿ, ಬಣ್ಣದ ಕಾಗದವೂ ಇರಲಿ. ತಮ್ಮನಿಗೆ ಆಸೆ, ಕಟ್ಟಲಿ ಬಿಡಿ” ಎಂದಳು. ಆ ಮಾತಿನಲ್ಲಿ ಎಷ್ಟು ನೋವಿತ್ತೆಂದು ಅಳೆಯುವ ವಯಸ್ಸು ಅದಾಗಿರಲಿಲ್ಲ. ಗೆದ್ದೆನೆಂದುಕೊಂಡು ನಾನು ಕೂಡಿಟ್ಟಿದ್ದ ಮೂರು ರೂಪಾಯಿಗಳಿಗೆ ಗುಲಾಬಿ, ನೀಲಿ, ಹಸಿರು ಕಾಗದಗಳನ್ನು ಕೊಂಡುತಂದೆ.

ಮದುವಳಗಿತ್ತಿ ತನ್ನ ಹಸೆಯ ಗೋಡೆಯನ್ನು ತಾನೇ ಬರೆಯುವುದು ನಮ್ಮ ಮನೆಯಲ್ಲಿ ಪದ್ಧತಿಯಿರಲಿಲ್ಲ. ಆದ್ದರಿಂದ ಅಜ್ಜಿ ಮತ್ತು ಚಿಕ್ಕಮ್ಮ ಎರಡು ದಿನ ಕುಳಿತು ಜಗಲಿಯ ಗೋಡೆಗೆ ಚಿತ್ತಾರ ಬರೆದು ಮುಗಿಸಿದರು. ಮದುವೆಯ ಹಿಂದಿನ ಸಂಜೆ ನಾನು ಏಣಿ ಹತ್ತಿ, ಗೋಡೆಯ ನೆತ್ತಿಯ ಮೇಲೆ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಕಾಗದದ ಸರಪಳಿಗಳನ್ನು ದಟ್ಟವಾಗಿ ಇಳಿಬಿಟ್ಟೆ. ದೂರ ನಿಂತು ನೋಡಿದೆ. ಈಗ ನಮ್ಮ ಮನೆಯೂ ಪಟ್ಟಣದ ಮನೆಯಂತಾಯಿತೆಂದು ಬೀಗಿದೆ.

ಮಲೆನಾಡಿನಲ್ಲಿ ವೈಶಾಖದ ಮಳೆಗೆ ಹೊತ್ತುಗೊತ್ತಿಲ್ಲ. ಆ ರಾತ್ರಿ ಉಂಡು ಮಲಗುವ ವೇಳೆಗೆ ಗುಡುಗು ಆರಂಭವಾಯಿತು. ಗಾಳಿ ಸಮೇತ ಬಂದ ಮಳೆ ಚಪ್ಪರಕ್ಕೂ ಮಾಡಿಗೂ ನಡುವೆ ಇದ್ದ ಸಂದಿನಿಂದ ಜಗಲಿಗೆ ನುಗ್ಗಿತು. ಅರ್ಧ ಗಂಟೆ ಸುರಿದು ನಿಂತುಹೋದ ಮಳೆ ಅದು. ಸೋಗೆಯ ಚಪ್ಪರ ಅಲುಗಲಿಲ್ಲ. ಅಮ್ಮ ಲಾಟೀನು ಹಿಡಿದು ಜಗಲಿಗೆ ಬಂದವರು ಅಲ್ಲಿಯೇ ನಿಂತುಬಿಟ್ಟರು. ನೆನೆದ ಕಾಗದಗಳ ಬಣ್ಣ ಕರಗಿ ಗೋಡೆಯ ಮೇಲೆ ಇಳಿದಿತ್ತು. ಬಿಳಿಯ ಗೆರೆಗಳ ಮೇಲೆ ಗುಲಾಬಿ, ನೀಲಿ ಓಕುಳಿ. ದಂಡಿಗೆಯ ಅರ್ಧ ಇಲ್ಲವಾಗಿತ್ತು. ಮದುಮಕ್ಕಳ ಗೊಂಬೆಗಳು ಮುಖ ತೊಳೆದುಕೊಂಡಂತೆ ಅಳಿಸಿಹೋಗಿದ್ದವು. ಮರುದಿನ ಬೆಳಿಗ್ಗೆ ದಿಬ್ಬಣ ಬರುವುದಿತ್ತು.

ಯಾರಾದರೂ ನನ್ನನ್ನು ಹೊಡೆದಿದ್ದರೆ ನೆಮ್ಮದಿಯಾಗುತ್ತಿತ್ತು. ಯಾರೂ ಹೊಡೆಯಲಿಲ್ಲ. ಅಜ್ಜಿ ಗೋಡೆಯನ್ನೊಮ್ಮೆ ಸವರಿ ನೋಡಿ, “ಇಬ್ಬರ ಕೈಯಲ್ಲಿ ಬೆಳಗಾಗುವುದರೊಳಗೆ ಆಗುವ ಕೆಲಸವಲ್ಲ ಇದು” ಎಂದರು. ಅರಿಶಿನ ಹಚ್ಚಿದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಹೊಸ್ತಿಲ ಒಳಗೆ ನಿಂತಿದ್ದ ಅಕ್ಕ ನನ್ನನ್ನು ಕರೆದು, “ಲಾಟೀನು ತಗೊಂಡು ಹೋಗು ತಮ್ಮಾ. ನಾನು ಗೋಡೆ ಬರೆದ ಮನೆಗಳು ನಿನಗೆ ಗೊತ್ತಲ್ಲ, ಅಲ್ಲಿ ಹೋಗಿ ಹೇಳು. ಏನಾಯಿತೆಂಬುದನ್ನೂ ನೀನೇ ಹೇಳು” ಎಂದಳು.

ಅವಳು ನನಗೆ ಕೊಟ್ಟ ಶಿಕ್ಷೆ ಅದೊಂದೇ. ಹನಿ ಉದುರುವ ಮರಗಳ ಕೆಳಗೆ, ಕೆಸರಿನ ಅಂಚುಗಳ ಮೇಲೆ ನಡೆದು ಮೊದಲ ಮನೆಯ ಬಾಗಿಲು ತಟ್ಟಿದೆ. ನನ್ನ ಬಾಯಿಂದ ಮಾತು ಹೊರಡಲು ಸ್ವಲ್ಪ ಹೊತ್ತು ಬೇಕಾಯಿತು. ಆ ಮನೆಯ ದೊಡ್ಡಮ್ಮ ಪೂರ್ತಿ ಕೇಳುವ ಮೊದಲೇ ಮಾಡಿನ ಸಂದಿಗೆ ಕೈ ಹಾಕಿ ಪುಂಡಿಯ ಕುಂಚವನ್ನು ತೆಗೆದುಕೊಂಡರು. “ನಿನ್ನಕ್ಕ ನಮ್ಮ ಗೋಡೆಗೆ ಮೂರು ದಿನ ಕೂತಿದ್ದಾಳೆ. ನಾವು ಒಂದು ರಾತ್ರಿ ಕೂತರೆ ಸವೆದು ಹೋಗುತ್ತೇವಾ? ನಡಿ” ಎಂದರು. ಎರಡನೆಯ ಮನೆಯಲ್ಲಿಯೂ ಹಾಗೆಯೇ, ಮೂರನೆಯದರಲ್ಲಿಯೂ ಹಾಗೆಯೇ. ಏಳು ಮನೆಗಳಿಂದ ಏಳು ಹೆಂಗಸರು ಬಂದರು.

ಕೆಟ್ಟ ಭಾಗಕ್ಕೆ ಹೊಸದಾಗಿ ಕೆಮ್ಮಣ್ಣು ಬಳಿದು, ಕೆಂಡದ ಹಂಚನ್ನು ಸಮೀಪ ಹಿಡಿದು ಒಣಗಿಸಿದರು. ಬೆಳಗಿನ ಕಡುಬಿಗೆಂದು ನೆನೆಹಾಕಿದ್ದ ಅಕ್ಕಿಯಲ್ಲಿ ಅಜ್ಜಿ ನಾಲ್ಕು ಹಿಡಿ ತೆಗೆದು ಒರಳಿಗೆ ಹಾಕಿ, ಗುಂಡುಕಲ್ಲನ್ನು ನನಗೆ ತೋರಿಸಿದರು. ಬಿಳಿಯ ಬಣ್ಣ ನುಣ್ಣಗಿರಬೇಕು. ತರಿಯಿದ್ದರೆ ಗೆರೆ ಒಡೆಯುತ್ತದೆ. ನನ್ನ ಅಂಗೈ ಬೊಬ್ಬೆ ಬಂದಿತು. ಆಮೇಲೆ ಕಪ್ಪಿಗಾಗಿ ಅಕ್ಕಿ ಹುರಿಯಲು ಒಲೆಯ ಮುಂದೆ ಕುಳಿತೆ. ಅಕ್ಕಿ ಕೆಂಪಾಗುವುದು ಬೇಗ, ಕಪ್ಪಾಗುವುದು ನಿಧಾನ. ಹೊಗೆಯಲ್ಲಿ ಕಣ್ಣೀರು ಇಳಿಯುತ್ತಿತ್ತು. ಅದೆಲ್ಲವೂ ಹೊಗೆಯದೇ ಎಂದು ತಿಳಿಯಬೇಡಿ.

ಜಗಲಿಯಲ್ಲಿ ಒಬ್ಬೊಬ್ಬರು ಒಂದೊಂದು ಭಾಗ ಹಿಡಿದು ಕುಳಿತಿದ್ದರು. ಮೆಲುದನಿಯಲ್ಲಿ ಪದ ನಡೆದಿತ್ತು. ಪ್ರತಿಯೊಬ್ಬರೂ ತಮ್ಮ ಮನೆಯ ಗೋಡೆಯಲ್ಲಿ ಅಕ್ಕ ಬರೆದಿದ್ದ ರೀತಿಯನ್ನು ನೆನಪಿಸಿಕೊಂಡು ಅದರಂತೆಯೇ ಬರೆಯುತ್ತಿದ್ದರು. ಅಕ್ಕ ಹೊಸ್ತಿಲಲ್ಲಿ ಕುಳಿತು, ಕುಂಚ ಮುಟ್ಟದೆ, “ಏಣಿಗೆ ಇನ್ನೊಂದು ಮೆಟ್ಟಿಲು, ಚಿಕ್ಕಮ್ಮಾ” ಎನ್ನುತ್ತಿದ್ದಳು. ಕೋಳಿ ಕೂಗುವ ವೇಳೆಗೆ ಗೋಡೆ ಎದ್ದು ನಿಂತಿತ್ತು. ಅಜ್ಜಿ ಸೊಂಟ ನೆಟ್ಟಗೆ ಮಾಡಿಕೊಂಡು ನನ್ನ ಕಡೆ ತಿರುಗಿ, “ಕಾಗದ ತರುವುದಕ್ಕೆ ನೀನೊಬ್ಬ ಸಾಕಾದೆ. ಗೋಡೆ ಎಬ್ಬಿಸುವುದಕ್ಕೆ ಊರೇ ಬೇಕಾಯಿತು ನೋಡು” ಎಂದರು. ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು.

ದಿಬ್ಬಣ ಬಂದಿತು. ನಾನು ಕಂಬದ ಮರೆಯಲ್ಲಿ ನಿಂತು ಬಂದವರ ಮುಖಗಳನ್ನೇ ನೋಡುತ್ತಿದ್ದೆ. ಯಾರೂ ನಗಲಿಲ್ಲ. ಯಾರೂ ಬೆರಗಾಗಲೂ ಇಲ್ಲ. ಗಂಡಿನ ಕಡೆಯ ಹೆಂಗಸರು ಗೋಡೆಯ ಹತ್ತಿರ ಬಂದು, ಗೆರೆಗಳನ್ನು ಕಣ್ಣಿನಲ್ಲೇ ಎಣಿಸಿ, “ನಮ್ಮ ಕಡೆ ದಂಡಿಗೆಯನ್ನು ಸ್ವಲ್ಪ ಬೇರೆ ಥರ ಬರೆಯುತ್ತೇವೆ” ಎಂದು ಮಾತಿಗೆ ಕುಳಿತರು. ಯಾರ ನಗೆಗೆ ನಾನು ಅಷ್ಟು ಹೆದರಿದ್ದೆನೋ ಅವರ ಮನೆಯಲ್ಲಿಯೂ ಅಂಥದೇ ಗೋಡೆಯಿತ್ತು.

ಈ ಪ್ರಸಂಗವನ್ನು ಆಮೇಲೆ ಎಷ್ಟೋ ಸಲ ಮೆಲುಕು ಹಾಕಿದ್ದೇನೆ. ಮಲೆನಾಡಿನ ಬೇಸಾಯದಲ್ಲಿ ಮುಯ್ಯಾಳು ಎಂಬ ಪದ್ಧತಿಯಿದೆ. ಇಂದು ನಾನು ನಿನ್ನ ಗದ್ದೆಯ ನಾಟಿಗೆ ಬಂದರೆ ನಾಳೆ ನೀನು ನನ್ನ ಗದ್ದೆಗೆ ಬರುತ್ತೀಯೆ; ಕೂಲಿಯ ಮಾತಿಲ್ಲ. ಹಣ ಕೊಟ್ಟು ಕೊಂಡ ವಸ್ತುವಿನ ಲೆಕ್ಕ ಕೊಟ್ಟ ಕ್ಷಣದಲ್ಲಿಯೇ ತೀರಿಹೋಗುತ್ತದೆ. ನನ್ನ ಮೂರು ರೂಪಾಯಿಯ ಕಾಗದಕ್ಕೂ ಅಂಗಡಿಯವನಿಗೂ ಆಮೇಲೆ ಸಂಬಂಧವಿರಲಿಲ್ಲ. ಮುಯ್ಯಿಯ ಲೆಕ್ಕ ಹಾಗಲ್ಲ. ಅದು ಎಂದೂ ಪೂರ್ತಿಯಾಗಿ ತೀರುವುದಿಲ್ಲ. ತೀರದಿರುವುದರಿಂದಲೇ ಮನೆಗಳು ಒಂದನ್ನೊಂದು ಹಿಡಿದುಕೊಂಡಿರುತ್ತವೆ. ಅಕ್ಕ ಏಳು ಗೋಡೆಗಳಲ್ಲಿ ಇಟ್ಟ ಶ್ರಮ ಆ ರಾತ್ರಿ ಕುಂಚ ಹಿಡಿದು ನಡೆದುಬಂದಿತ್ತು.

ಹಾಗೆಂದು ಹಿಂದಿನದೆಲ್ಲವೂ ಚೆನ್ನಾಗಿತ್ತೆಂದು ಹೇಳಿದರೆ ಸತ್ಯಕ್ಕೆ ದ್ರೋಹ ಬಗೆದಂತಾಗುತ್ತದೆ. ಚಪ್ಪರ, ಚಿತ್ತಾರಗಳನ್ನು ಕೈಯಿಂದ ಮಾಡಿದರೂ ತಾಳಿ, ಸೀರೆಗಳಿಗಾಗಿ ಅಪ್ಪ ಸಾಲ ಮಾಡಿದರು. ಅದು ತೀರಲು ನಾಲ್ಕು ವರ್ಷ ಹಿಡಿಯಿತು. ಮದುವೆಯ ಹೊರೆ ಬಡವರ ಬೆನ್ನು ಮುರಿಯುವುದನ್ನು ಬಲ್ಲ ಕುವೆಂಪು ಅವರು, ನಮ್ಮ ಜಿಲ್ಲೆಯವರೇ, ‘ಮಂತ್ರಮಾಂಗಲ್ಯ’ವೆಂಬ ಸರಳ ವಿವಾಹದ ದಾರಿಯನ್ನು ತೋರಿಸಿದರು, 1966ರಲ್ಲಿ ತಮ್ಮ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನು ಹಾಗೆಯೇ ನಡೆಸಿದರು. ಇನ್ನೊಂದು ಮಾತೂ ಇದೆ. ನಿದ್ದೆಗೆಟ್ಟು ಗೋಡೆ ಬರೆದ ಆ ಹೆಂಗಸರ ದುಡಿಮೆಯನ್ನು ದುಡಿಮೆಯೆಂದು ಆಗ ಯಾರೂ ಎಣಿಸಲಿಲ್ಲ. ಅಕ್ಕನಿಗೆ ನಾಲ್ಕನೆಯ ತರಗತಿಗೇ ಶಾಲೆ ಮುಗಿದದ್ದನ್ನು ಅನ್ಯಾಯವೆಂದೂ ಯಾರೂ ಹೇಳಲಿಲ್ಲ. ಅವಳ ದುಡಿಮೆಯಲ್ಲಿ ಓದಿದ ನಾನು, ಅವಳ ವಿದ್ಯೆಯನ್ನು ಕಂಡು ನಾಚಿಕೊಂಡೆ. ಮಳೆಯಲ್ಲಿ ಕರಗಿದ ಬಣ್ಣಕ್ಕಿಂತ ಈ ಕಲೆಯೇ ನನ್ನಲ್ಲಿ ಹೆಚ್ಚು ಕಾಲ ಉಳಿದಿದೆ.

ಅಕ್ಕನಿಗೆ ಈಗ ಎಪ್ಪತ್ತು ದಾಟಿದೆ. ಕಳೆದ ವರ್ಷ ಅವಳ ಮೊಮ್ಮಗಳ ಮದುವೆ ಶಿವಮೊಗ್ಗದ ಒಂದು ಕಲ್ಯಾಣಮಂಟಪದಲ್ಲಿ ನಡೆಯಿತು. ಹುಡುಗಿ ಇಂಜಿನಿಯರು, ಬೆಂಗಳೂರಿನಲ್ಲಿ ಕೆಲಸ. ಊಟ, ದೀಪ, ಹೂವು ಎಲ್ಲವನ್ನೂ ಗುತ್ತಿಗೆಗೆ ಕೊಟ್ಟಿದ್ದರು. ಒಂದನ್ನು ಮಾತ್ರ ಅವಳು ಕೊಡಲೊಪ್ಪಲಿಲ್ಲ. “ಹಸೆಯ ಗೋಡೆಯನ್ನು ನಾನೇ ಬರೆಯುತ್ತೇನೆ, ಅಜ್ಜಿ. ನನಗೆ ಕಲಿಸು” ಎಂದಳು. ಮದುವಳಗಿತ್ತಿ ಬರೆಯಬಾರದೆಂಬ ಪದ್ಧತಿಯ ಮಾತು ಬಂದಾಗ ಅಕ್ಕ, “ಕಲಿಯುತ್ತೇನೆ ಎನ್ನುವವರಿಗೆ ಅಡ್ಡಿ ಹೇಳುವ ಪದ್ಧತಿ ನಮ್ಮಲ್ಲಿ ಬೇಡ” ಎಂದು ಅದನ್ನು ತಳ್ಳಿಹಾಕಿದಳು. ಬಾಡಿಗೆಯ ಗೋಡೆಯ ಮೇಲೆ ಬರೆಯುವಂತಿರಲಿಲ್ಲ. ದಪ್ಪ ಬಟ್ಟೆಯೊಂದನ್ನು ಚೌಕಟ್ಟಿಗೆ ಬಿಗಿದು, ಕೆಮ್ಮಣ್ಣು ಬಳಿದು ಸಿದ್ಧಪಡಿಸಿದೆವು. ಅವಳ ಗೆಳತಿಯರು ಮೂವರು ರಜೆ ಹಾಕಿ ಬಂದರು.

ಹುಡುಗಿ ಮೊದಲು ಅಳತೆಪಟ್ಟಿಯನ್ನೂ ಪೆನ್ಸಿಲನ್ನೂ ತೆಗೆದಳು. ಅಕ್ಕ ಅದನ್ನು ಮೆಲ್ಲನೆ ಪಕ್ಕಕ್ಕೆ ಸರಿಸಿ, ಪುಂಡಿಯ ಕುಂಚವನ್ನು ಅವಳ ಬೆರಳುಗಳ ನಡುವೆ ಇಟ್ಟಳು. ಮೊದಲ ಗೆರೆ ಸೊಟ್ಟಗಾಯಿತು. ಹುಡುಗಿಯ ಮುಖ ಬಾಡಿತು. “ಆಗಲಿ ಬಿಡು. ಪಕ್ಕದ ಗೆರೆ ಬಂದು ಅದನ್ನು ಹಿಡಿದುಕೊಳ್ಳುತ್ತದೆ” ಎಂದಳು ಅಕ್ಕ.

ಬಿಳಿಯ ಬಣ್ಣಕ್ಕೆ ಅಕ್ಕಿ ರುಬ್ಬಲು ಈಗ ಮಿಕ್ಸಿಯಿದೆ. ಕಪ್ಪಿಗೆ ಅಕ್ಕಿ ಹುರಿಯುವ ಕೆಲಸ ಮಾತ್ರ ಯಾರೂ ಹೇಳದೆಯೇ ನನ್ನ ಪಾಲಿಗೆ ಬಂದಿತು. ಬಾಣಲೆಯ ಮುಂದೆ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದೆ. ಅಕ್ಕ ಹಿಂದಿನಿಂದ ಬಂದು ಇಣುಕಿ ನೋಡಿ, “ಇನ್ನೂ ಕಪ್ಪಾಗಿಲ್ಲ ತಮ್ಮಾ. ಸೌಟು ಆಡಿಸುತ್ತಿರು” ಎಂದಳು.